ಪ್ಯಾರಾಚೂಟ್ ರೆಜಿಮೆಂಟಿನ ಲಾಂಛನಗಳು ಮತ್ತು ಇತಿಹಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಭಾರತೀಯ ಸೇನೆಯ ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ಇರುವುದು ಬೆಂಗಳೂರಿನಲ್ಲಿ. ಮೆರೂನ್ ಬೆರೆಟ್ ತೊಟ್ಟ ಯೋಧರನ್ನು ನಗರದ ಜನ ಮೂರು ದಶಕಗಳಿಂದ ನೋಡುತ್ತ ಬಂದಿದ್ದಾರೆ. ಆದರೂ ಆ ಟೋಪಿ, ಅದರ ಮೇಲಿನ ಬ್ಯಾಡ್ಜ್, ತೋಳಿನ ರೆಕ್ಕೆ, ಎದೆಯ ಮೇಲಿನ ಕಠಾರಿ, ಇವುಗಳ ನಡುವಿನ ವ್ಯತ್ಯಾಸ ಬಹಳ ಮಂದಿಗೆ ಸ್ಪಷ್ಟವಿಲ್ಲ. ಇವುಗಳಲ್ಲಿ ಒಂದೊಂದೂ ಬೇರೆ ಬೇರೆ ಸಾಧನೆಗೆ ಸಲ್ಲುವ ಗುರುತು. ಒಂದನ್ನು ಇನ್ನೊಂದೆಂದು ತಿಳಿದರೆ ಅದನ್ನು ಸಂಪಾದಿಸಿದವನಿಗೆ ಅನ್ಯಾಯವಾಗುತ್ತದೆ. ಆ ಕಾರಣಕ್ಕೆ ಇಲ್ಲಿ ಲಾಂಛನಗಳನ್ನೂ ಅವುಗಳ ಹಿಂದಿನ ಚರಿತ್ರೆಯನ್ನೂ ಜೊತೆಜೊತೆಯಾಗಿ ವಿವರಿಸಲಾಗಿದೆ.

ಪ್ರಶ್ನೆ: ಪ್ಯಾರಾಚೂಟ್ ರೆಜಿಮೆಂಟ್ ವಾಯುಪಡೆಗೆ ಸೇರಿದ್ದೇ?

ಅಲ್ಲ. ಅದು ಭೂಸೇನೆಯ ಕಾಲಾಳು ರೆಜಿಮೆಂಟು. ವಿಮಾನದಿಂದ ಧುಮುಕುವುದು ಯುದ್ಧಭೂಮಿಯನ್ನು ತಲುಪುವ ದಾರಿ ಮಾತ್ರ. ನೆಲ ಮುಟ್ಟಿದ ಮೇಲೆ ಅವರು ಮಾಡುವುದು ಕಾಲಾಳುಗಳ ಯುದ್ಧವನ್ನೇ. ಆದರೆ ಧುಮುಕುವುದನ್ನು ಕಲಿಸುವ ಶಾಲೆ ಮಾತ್ರ ವಾಯುಪಡೆಯದು. ಆಗ್ರಾದಲ್ಲಿರುವ ಆ ಶಾಲೆಯ ಬೋಧಕರು ವಾಯುಪಡೆಯ ಸಿಬ್ಬಂದಿ. ಜನರಲ್ಲಿ ಗೊಂದಲ ಹುಟ್ಟಲು ಬಹುಶಃ ಇದೇ ಕಾರಣ. ಈ ರೆಜಿಮೆಂಟಿನಲ್ಲಿ ಸಾಮಾನ್ಯ ಯೋಧನನ್ನು ಸಿಪಾಯಿ ಎನ್ನುವುದಿಲ್ಲ, ಪ್ಯಾರಾಟ್ರೂಪರ್ ಎನ್ನುತ್ತಾರೆ.

ಪ್ರಶ್ನೆ: ರೆಜಿಮೆಂಟು ಸ್ಥಾಪನೆಯಾದದ್ದು ಯಾವಾಗ? 1941, 1945, 1952 ಎಂದು ಬೇರೆ ಬೇರೆ ವರ್ಷಗಳನ್ನು ಓದಿದ್ದೇವೆ.

ಮೂರು ವರ್ಷಗಳೂ ಸರಿಯೇ, ಆದರೆ ಮೂರೂ ಬೇರೆ ಬೇರೆ ಘಟನೆಗಳನ್ನು ಹೇಳುತ್ತವೆ. ಎರಡನೆಯ ಮಹಾಯುದ್ಧದ ನಡುವೆ, 1941ರ ಅಕ್ಟೋಬರಿನಲ್ಲಿ, ದೆಹಲಿಯಲ್ಲಿ 50ನೇ ಭಾರತೀಯ ಪ್ಯಾರಾಚೂಟ್ ಬ್ರಿಗೇಡ್ ರಚನೆಯಾಯಿತು. ಅದರಲ್ಲಿ 151ನೇ ಬ್ರಿಟಿಷ್, 152ನೇ ಭಾರತೀಯ ಮತ್ತು 153ನೇ ಗೂರ್ಖಾ ಎಂಬ ಮೂರು ಪ್ಯಾರಾಚೂಟ್ ಬೆಟಾಲಿಯನ್‌ಗಳಿದ್ದವು. ಬ್ರಿಗೇಡ್ ಎಂದರೆ ಹಲವು ಬೆಟಾಲಿಯನ್‌ಗಳ ಯುದ್ಧಕೂಟ. ರೆಜಿಮೆಂಟು ಎಂದರೆ ಯೋಧನ ಕುಲ, ಅವನು ಸೇರುವುದೂ ನಿವೃತ್ತನಾಗುವುದೂ ಅದರ ಹೆಸರಿನಲ್ಲಿಯೇ. ಆ ಅರ್ಥದ ರೆಜಿಮೆಂಟು 1945ರ ಮಾರ್ಚ್ 1ರಂದು ಇಂಡಿಯನ್ ಪ್ಯಾರಾಚೂಟ್ ರೆಜಿಮೆಂಟ್ ಎಂಬ ಹೆಸರಿನಲ್ಲಿ ಅಸ್ತಿತ್ವಕ್ಕೆ ಬಂತು. ಯುದ್ಧ ಮುಗಿದ ಮೇಲೆ, 1946ರ ಕೊನೆಯಲ್ಲಿ, ಅದನ್ನು ವಿಸರ್ಜಿಸಲಾಯಿತು.

ವಿಸರ್ಜನೆಯ ನಂತರ ವಾಯುವಾಹಿತ ಪಡೆಯೇ ಇಲ್ಲದಾಗಲಿಲ್ಲ. ಬೇರೆ ಬೇರೆ ಕಾಲಾಳು ರೆಜಿಮೆಂಟುಗಳಿಂದ ಕೆಲವು ಬೆಟಾಲಿಯನ್‌ಗಳನ್ನು ಆರಿಸಿ, ಅವು ತಮ್ಮ ಹಳೆಯ ಹೆಸರನ್ನೂ ಬ್ಯಾಡ್ಜನ್ನೂ ಉಳಿಸಿಕೊಂಡೇ ಪ್ಯಾರಾಚೂಟ್ ಹೊಣೆಯನ್ನು ಹೊರುವಂತೆ ಮಾಡಲಾಯಿತು. ವಿಭಜನೆಯ ವೇಳೆ 50 ಮತ್ತು 77ನೇ ಪ್ಯಾರಾ ಬ್ರಿಗೇಡುಗಳು ಭಾರತಕ್ಕೆ ಬಂದವು, 14ನೇ ಪ್ಯಾರಾ ಬ್ರಿಗೇಡ್ ಪಾಕಿಸ್ತಾನಕ್ಕೆ ಹೋಯಿತು. ಕೊನೆಗೆ 1952ರ ಏಪ್ರಿಲ್ 15ರಂದು ಇಂಥ ಮೂರು ಬೆಟಾಲಿಯನ್‌ಗಳನ್ನು ಒಂದೇ ಮನೆಗೆ ಸೇರಿಸಿ ಇಂದಿನ ಪ್ಯಾರಾಚೂಟ್ ರೆಜಿಮೆಂಟನ್ನು ಕಟ್ಟಲಾಯಿತು. ಪಂಜಾಬ್ ರೆಜಿಮೆಂಟಿನ 1ನೇ ಬೆಟಾಲಿಯನ್ 1 ಪ್ಯಾರಾ ಆಯಿತು, ಮರಾಠಾ ಲೈಟ್ ಇನ್‌ಫೆಂಟ್ರಿಯ 3ನೇ ಬೆಟಾಲಿಯನ್ 2 ಪ್ಯಾರಾ ಆಯಿತು, ಕುಮಾವ್ ರೆಜಿಮೆಂಟಿನ 1ನೇ ಬೆಟಾಲಿಯನ್ 3 ಪ್ಯಾರಾ ಆಯಿತು.

ಹೀಗಾಗಿ ರೆಜಿಮೆಂಟಿಗಿಂತ ಅದರ ಬೆಟಾಲಿಯನ್‌ಗಳಿಗೇ ವಯಸ್ಸು ಹೆಚ್ಚು. 1 ಪ್ಯಾರಾದ ಮೂಲ 1761ಕ್ಕೆ, 2 ಪ್ಯಾರಾದ್ದು 1797ಕ್ಕೆ, 3 ಪ್ಯಾರಾದ್ದು 1813ಕ್ಕೆ ಹೋಗುತ್ತದೆ. ಪ್ಯಾರಾಚೂಟ್ ಎಂಬ ವಸ್ತು ಸೈನ್ಯದ ಬಳಕೆಗೆ ಬರುವುದಕ್ಕೆ ನೂರಕ್ಕೂ ಹೆಚ್ಚು ವರ್ಷ ಮೊದಲೇ ಹುಟ್ಟಿದ ಪಲ್ಟನ್‌ಗಳಿವು. 4ನೇ ಬೆಟಾಲಿಯನ್ ಬಂದದ್ದು 1961ರಲ್ಲಿ. 1962ರ ಚೀನಾ ಯುದ್ಧದ ನಂತರ ಸೇನೆ ಬೆಳೆದಾಗ ಇನ್ನೂ ಕೆಲವು ಬೆಟಾಲಿಯನ್‌ಗಳು ಸೇರಿದವು.

ಪ್ರಶ್ನೆ: ಪ್ಯಾರಾಚೂಟಿನಿಂದ ಧುಮುಕಿದ ಮೊದಲ ಭಾರತೀಯ ಸೈನಿಕರು ಯಾರು?

152ನೇ ಭಾರತೀಯ ಬೆಟಾಲಿಯನ್ನಿನ ವೈದ್ಯಾಧಿಕಾರಿಯಾಗಿದ್ದ ಲೆಫ್ಟಿನೆಂಟ್ ಎ.ಜಿ. ರಂಗರಾಜ್ ಮತ್ತು ಹವಾಲ್ದಾರ್ ಮೇಜರ್ ಮಥುರಾ ಸಿಂಗ್. ಮೊದಲಿಗರಲ್ಲಿ ಒಬ್ಬರು ಬಂದೂಕಿನವರಲ್ಲ, ವೈದ್ಯರು ಎಂಬುದು ಗಮನಿಸಬೇಕಾದ ಸಂಗತಿ. ಮುಂದೆ ಇದೇ ರಂಗರಾಜ್ ಅವರು 60ನೇ ಪ್ಯಾರಾ ಫೀಲ್ಡ್ ಆಂಬುಲೆನ್ಸ್ ಎಂಬ ಭಾರತೀಯ ವೈದ್ಯಕೀಯ ದಳದ ಮುಖ್ಯಸ್ಥರಾಗಿ ಕೊರಿಯಾ ಯುದ್ಧಕ್ಕೆ ಹೋದರು. 1951ರ ಮಾರ್ಚಿನಲ್ಲಿ ಮುನ್ಸಾನಿ ಎಂಬಲ್ಲಿ ಅಮೆರಿಕದ ವಾಯುವಾಹಿತ ಪಡೆ ಧುಮುಕಿದಾಗ ಅವರೂ ಅವರ ಶಸ್ತ್ರಚಿಕಿತ್ಸಾ ತಂಡವೂ ಜೊತೆಗೆ ಧುಮುಕಿ ಗಾಯಾಳುಗಳ ಶುಶ್ರೂಷೆ ಮಾಡಿದರು. ಅವರಿಗೆ ಮಹಾವೀರ ಚಕ್ರ ಸಂದಿತು.

ಪ್ರಶ್ನೆ: ಟೋಪಿಯ ಮೇಲಿನ ಬ್ಯಾಡ್ಜಿನಲ್ಲಿ ಏನೇನಿದೆ?

ಬೆಳ್ಳಿ ಬಣ್ಣದ ಲೋಹದ ಬ್ಯಾಡ್ಜ್ ಅದು. ಮೇಲ್ಗಡೆ ಪೂರ್ತಿ ಬಿಚ್ಚಿಕೊಂಡ ಪ್ಯಾರಾಚೂಟ್, ಅದರ ಬುಡದಿಂದ ಎರಡೂ ಪಕ್ಕಕ್ಕೆ ಹರಡಿದ ರೆಕ್ಕೆಗಳು, ಪ್ಯಾರಾಚೂಟು ಮತ್ತು ರೆಕ್ಕೆಗಳ ಮೇಲೆ ನೇರವಾಗಿ ನಿಂತ ಒಂದು ಕಠಾರಿ. ಕೈಯಲ್ಲಿ ಹಿಡಿದು ನೋಡಿದರೆ ಕಣ್ಣು ಮೊದಲು ಹೋಗುವುದು ನಟ್ಟನಡುವಿನ ಕಠಾರಿಯ ಮೇಲೆ. ಪ್ಯಾರಾಚೂಟು ಹಾಗೂ ರೆಕ್ಕೆಗಳು ಬರುವ ದಾರಿಯನ್ನು ಹೇಳುತ್ತವೆ, ಕಠಾರಿ ಬಂದ ಕೆಲಸವನ್ನು ಹೇಳುತ್ತದೆ ಎಂದು ನಾನು ಓದಿಕೊಳ್ಳುತ್ತೇನೆ.

ಇದು ಸ್ವತಂತ್ರ ಭಾರತದ ಬ್ಯಾಡ್ಜ್. 1945ರ ರೆಜಿಮೆಂಟು ಬಳಸಿದ್ದು ಬ್ರಿಟಿಷ್ ಪ್ಯಾರಾಚೂಟ್ ರೆಜಿಮೆಂಟಿನ ಬ್ಯಾಡ್ಜನ್ನೇ: ರೆಕ್ಕೆಗಳ ನಡುವೆ ಪ್ಯಾರಾಚೂಟ್, ಅದರ ಮೇಲೆ ಕಿರೀಟ ಮತ್ತು ಸಿಂಹ. ವ್ಯತ್ಯಾಸವೆಂದರೆ ಪ್ಯಾರಾಚೂಟಿನ ಬುಡದಲ್ಲಿ ಇಂಡಿಯಾ ಎಂಬ ಇಂಗ್ಲಿಷ್ ಅಕ್ಷರಗಳು ಮಾತ್ರ. ಗಣರಾಜ್ಯದ ಸೇನೆಯಲ್ಲಿ ಕಿರೀಟಕ್ಕೆ ಜಾಗವಿರಲಿಲ್ಲ. ಈ ರೆಜಿಮೆಂಟು ಕಿರೀಟದ ಜೊತೆಗೆ ವಿನ್ಯಾಸವನ್ನೇ ಬೇರೆ ಮಾಡಿಕೊಂಡಿತು.

ಪ್ರಶ್ನೆ: ಮೆರೂನ್ ಬೆರೆಟ್ ತೊಟ್ಟವರೆಲ್ಲ ಪ್ಯಾರಾಚೂಟ್ ರೆಜಿಮೆಂಟಿನವರೇ?

ಅಲ್ಲ. ವಾಯುವಾಹಿತ ಪಡೆಗಳಿಗೆ ಮೆರೂನ್ ಬಣ್ಣವನ್ನು 1942ರಲ್ಲಿ ಬ್ರಿಟಿಷ್ ಸೇನೆ ಗೊತ್ತುಮಾಡಿತು. ಇಂದು ಜಗತ್ತಿನ ಹಲವು ದೇಶಗಳ ಪ್ಯಾರಾ ಪಡೆಗಳು ಅದೇ ಬಣ್ಣವನ್ನು ತೊಡುತ್ತವೆ. ಭಾರತದಲ್ಲಿ ಪ್ಯಾರಾ ಬ್ರಿಗೇಡಿನ ಜೊತೆಗಿರುವ ಫಿರಂಗಿ ದಳ, ಎಂಜಿನಿಯರ್ ಕಂಪನಿ, ಸಿಗ್ನಲ್ಸ್, ವೈದ್ಯಕೀಯ ದಳ, ಇವುಗಳ ಪ್ಯಾರಾ ತರಬೇತಿ ಪಡೆದ ಯೋಧರೂ ಮೆರೂನ್ ಬೆರೆಟ್ ತೊಡುತ್ತಾರೆ. ಆದರೆ ಬೆರೆಟ್ ಮೇಲೆ ಇರುವುದು ಅವರವರ ದಳದ ಬ್ಯಾಡ್ಜ್. ಆದ್ದರಿಂದ ಬಣ್ಣ ನೋಡಿ ವಾಯುವಾಹಿತ ಯೋಧ ಎಂದು ಹೇಳಬಹುದು, ರೆಜಿಮೆಂಟು ಯಾವುದೆಂದು ಹೇಳಲು ಬ್ಯಾಡ್ಜನ್ನೇ ನೋಡಬೇಕು. ಸಿಖ್ ಯೋಧರು ಬೆರೆಟ್ ಬದಲು ಅದೇ ಬಣ್ಣದ ಪೇಟ ಸುತ್ತಿ ಅದರ ಮೇಲೆ ಬ್ಯಾಡ್ಜ್ ಧರಿಸುತ್ತಾರೆ.

ಪ್ರಶ್ನೆ: ರೆಕ್ಕೆಗಳ ಬ್ಯಾಡ್ಜ್ ಯಾವಾಗ ಸಿಗುತ್ತದೆ? ಅದರ ಮೇಲಿನ ನಕ್ಷತ್ರಗಳೇನು?

ಆಗ್ರಾದ ಶಾಲೆಯಲ್ಲಿ ನೆಲದ ಮೇಲಿನ ಕಸರತ್ತು ಮುಗಿಸಿ, ಐದು ಬಾರಿ ವಿಮಾನದಿಂದ ಯಶಸ್ವಿಯಾಗಿ ಧುಮುಕಿದವನಿಗೆ ರೆಕ್ಕೆಗಳು ಸಿಗುತ್ತವೆ. ಐದರಲ್ಲಿ ಒಂದು ಧುಮುಕು ರಾತ್ರಿಯದು. ಬಿಳಿಯ ಪ್ಯಾರಾಚೂಟ್, ಅದರ ಎರಡು ಕಡೆ ತಿಳಿನೀಲಿ ರೆಕ್ಕೆಗಳು; ಬಟ್ಟೆಯ ಮೇಲೆ ಕಸೂತಿ ಮಾಡಿದ ಈ ಗುರುತನ್ನು ಬಲತೋಳಿನ ಮೇಲ್ಭಾಗದಲ್ಲಿ ಹೊಲಿದುಕೊಳ್ಳುತ್ತಾರೆ. ಇದಲ್ಲದೆ ಎದೆಯ ಮೇಲೆ ಧರಿಸುವ ಸಣ್ಣ ಎನಾಮೆಲ್ ಬ್ಯಾಡ್ಜೊಂದಿದೆ. 25, 50 ಮತ್ತು 100 ಬಾರಿ ಧುಮುಕಿದವರನ್ನು ಅದರಲ್ಲಿನ ನಕ್ಷತ್ರಗಳಿಂದ ಗುರುತಿಸಬಹುದು.

ರೆಕ್ಕೆ ಅರ್ಹತೆಯ ಗುರುತೇ ಹೊರತು ರೆಜಿಮೆಂಟಿನ ಗುರುತಲ್ಲ. ರಾಷ್ಟ್ರಪತಿಯವರ ಅಂಗರಕ್ಷಕ ದಳದ ಕುದುರೆ ಸವಾರರೂ ಪ್ಯಾರಾ ತರಬೇತಿ ಪಡೆದವರು ಎಂಬುದು ಹಲವರಿಗೆ ಗೊತ್ತಿಲ್ಲ.

ಪ್ರಶ್ನೆ: ಬಲಿದಾನ ಬ್ಯಾಡ್ಜ್ ಎಂದರೇನು? ಎಲ್ಲ ಪ್ಯಾರಾಟ್ರೂಪರ್‌ಗಳೂ ಅದನ್ನು ಧರಿಸಬಹುದೇ?

ಧರಿಸುವಂತಿಲ್ಲ. ರೆಜಿಮೆಂಟಿನಲ್ಲಿ ಎರಡು ಬಗೆಯ ಬೆಟಾಲಿಯನ್‌ಗಳಿವೆ. ವಾಯುವಾಹಿತ ಕಾಲಾಳು ಕೆಲಸದಲ್ಲೇ ಉಳಿದವು ಒಂದು ಬಗೆ. 5, 6 ಮತ್ತು 7 ಪ್ಯಾರಾ ಅದಕ್ಕೆ ಸೇರುತ್ತವೆ. ಸ್ಪೆಷಲ್ ಫೋರ್ಸಸ್ ಎಂಬ ವಿಶೇಷ ಪಡೆಗಳು ಇನ್ನೊಂದು ಬಗೆ. 9 ಮತ್ತು 10 ಮೊದಲಿನಿಂದಲೂ ಕಮಾಂಡೊ ಬೆಟಾಲಿಯನ್‌ಗಳು, 1 ಪ್ಯಾರಾ 1978ರಲ್ಲಿ ಆ ಕಡೆಗೆ ಬದಲಾಯಿತು, ಆಮೇಲೆ 2, 3 ಮತ್ತು 4 ಕೂಡ ಬದಲಾದವು. ಬಲಿದಾನ ಬ್ಯಾಡ್ಜ್ ಈ ಎರಡನೆಯ ಬಗೆಯವರದು.

ಮೊನೆ ಕೆಳಗಾದ ಕಮಾಂಡೊ ಕಠಾರಿ, ಅದರ ಅಲಗಿನಿಂದ ಮೇಲಕ್ಕೆ ಚಾಚಿದ ರೆಕ್ಕೆಗಳು, ಅಲಗಿಗೆ ಅಡ್ಡಲಾಗಿ ಒಂದು ಪಟ್ಟಿ, ಪಟ್ಟಿಯ ಮೇಲೆ ದೇವನಾಗರಿಯಲ್ಲಿ ಬಲಿದಾನ ಎಂಬ ಬರಹ. ಇಷ್ಟೂ ಬೆಳ್ಳಿ ಬಣ್ಣದಲ್ಲಿ, ನಿಂತ ಆಯತಾಕಾರದ ಮೆರೂನ್ ಹಿನ್ನೆಲೆಯ ಮೇಲೆ. ಬಲಜೇಬಿನ ಬಳಿ, ಹೆಸರಿನ ಫಲಕದ ಕೆಳಗೆ ಇದರ ಸ್ಥಾನ. ತೋಳಿನ ತುದಿಯಲ್ಲಿರುವ ಕಮಾನಿನಾಕಾರದ ಪಟ್ಟಿಯನ್ನೂ ನೋಡಿ: ಮೆರೂನ್ ಬಟ್ಟೆಯ ಮೇಲೆ ತಿಳಿನೀಲಿ ಅಕ್ಷರಗಳಲ್ಲಿ ಸ್ಪೆಷಲ್ ಫೋರ್ಸಸ್ ಎಂದಿದ್ದರೆ ಆ ಯೋಧ ತಿಂಗಳುಗಟ್ಟಲೆಯ ಪ್ರೊಬೇಷನ್ ಎಂಬ ಪರೀಕ್ಷಾ ಅವಧಿಯನ್ನು ದಾಟಿ ಬಂದವನು. ಈ ಪ್ರೊಬೇಷನ್ನಿಗೆ ಬರುವವರೆಲ್ಲ ಸ್ವಇಚ್ಛೆಯಿಂದ ಮುಂದೆ ಬಂದವರೇ, ಅವರಲ್ಲಿ ಕೊನೆಗೆ ಉಳಿಯುವವರು ಕೆಲವರು ಮಾತ್ರ.

ಪ್ರಶ್ನೆ: ಹಾಗಾದರೆ ಮಹೇಂದ್ರ ಸಿಂಗ್ ಧೋನಿ ಅವರ ಕೈಗವಸಿನ ಮೇಲೆ ಇದ್ದದ್ದು ಯಾವುದು?

2019ರ ವಿಶ್ವಕಪ್‌ನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧದ ಪಂದ್ಯದಲ್ಲಿ ಅವರ ವಿಕೆಟ್ ಕೀಪಿಂಗ್ ಕೈಗವಸಿನ ಮೇಲೆ ಕಂಡದ್ದು ಬಲಿದಾನ ಬ್ಯಾಡ್ಜನ್ನು ಹೋಲುವ ಕಠಾರಿಯ ಚಿಹ್ನೆ. ಆಟಗಾರರ ಸಾಮಗ್ರಿಗಳ ನಿಯಮಕ್ಕೆ ಅದು ಹೊಂದುವುದಿಲ್ಲವೆಂದು ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ ಅದನ್ನು ತೆಗೆಯಲು ಹೇಳಿತು. ಧೋನಿ 2011ರಿಂದ ಪ್ರಾದೇಶಿಕ ಸೇನೆಯಲ್ಲಿ ಗೌರವ ಲೆಫ್ಟಿನೆಂಟ್ ಕರ್ನಲ್. ಅವರ ಘಟಕ ಬೆಂಗಳೂರಿನ 106ನೇ ಪ್ಯಾರಾ ಇನ್‌ಫೆಂಟ್ರಿ ಬೆಟಾಲಿಯನ್. 2015ರಲ್ಲಿ ಆಗ್ರಾದಲ್ಲಿ ತರಬೇತಿ ಪಡೆದು, ಐದು ಬಾರಿ ಧುಮುಕಿ, ರೆಕ್ಕೆಗಳನ್ನು ಸಂಪಾದಿಸಿದರು. ಗೌರವ ಪದವಿ ಕೊಟ್ಟದ್ದು, ರೆಕ್ಕೆ ಗಳಿಸಿದ್ದು. ಈ ಎರಡರ ವ್ಯತ್ಯಾಸವನ್ನು ಅವರ ಅಭಿಮಾನಿಗಳು ತಿಳಿದಿದ್ದರೆ ಅವರ ಮೇಲಿನ ಗೌರವ ಹೆಚ್ಚೀತೇ ಹೊರತು ಕಡಿಮೆಯಾಗದು.

ಪ್ರಶ್ನೆ: ಬೆಳಗಾವಿಯ ಕಮಾಂಡೊ ತರಬೇತಿಗೂ ಬಲಿದಾನ ಬ್ಯಾಡ್ಜಿಗೂ ಸಂಬಂಧವಿದೆಯೇ?

ಇಲ್ಲ. ಬೆಳಗಾವಿಯ ಜೂನಿಯರ್ ಲೀಡರ್ಸ್ ವಿಂಗ್‌ನಲ್ಲಿ ಸೇನೆಯ ಎಲ್ಲ ಕಾಲಾಳು ರೆಜಿಮೆಂಟುಗಳವರಿಗೂ ಕಮಾಂಡೊ ಕೋರ್ಸ್ ನಡೆಯುತ್ತದೆ. ಅದನ್ನು ಮುಗಿಸಿದವರು ಕಮಾಂಡೊ ಕಠಾರಿಯ ಬೇರೊಂದು ಬ್ಯಾಡ್ಜ್ ಧರಿಸಿ ತಮ್ಮ ತಮ್ಮ ಬೆಟಾಲಿಯನ್ನಿಗೆ ಮರಳುತ್ತಾರೆ. ಅದು ಕೋರ್ಸಿನ ಗುರುತು. ಬಲಿದಾನ ಬ್ಯಾಡ್ಜ್ ಪಡೆಯ ಗುರುತು.

ಪ್ರಶ್ನೆ: ಶತ್ರುಜಿತ್ ಎಂದರೆ ಯಾರು? ಕುದುರೆಯ ಮೈ, ಮನುಷ್ಯನ ತಲೆ, ಕೈಯಲ್ಲಿ ಬಿಲ್ಲು ಇರುವ ಚಿತ್ರ ಯಾವುದು?

ಶತ್ರುಜಿತ್ ಎಂಬುದು ರೆಜಿಮೆಂಟಿನ ಧ್ಯೇಯವಾಕ್ಯ, ಶತ್ರುವನ್ನು ಗೆದ್ದವನು ಎಂಬ ಅರ್ಥದ್ದು. ಆಗ್ರಾದಲ್ಲಿ ನೆಲೆಸಿರುವ 50ನೇ ಪ್ಯಾರಾ ಬ್ರಿಗೇಡಿಗೂ ಅದೇ ಹೆಸರಿದೆ. ಬಿಲ್ಲು ಹಿಡಿದ, ರೆಕ್ಕೆಗಳುಳ್ಳ ಅಶ್ವಮಾನವ ಆ ಬ್ರಿಗೇಡಿನ ಚಿಹ್ನೆ.

ಈ ಚಿಹ್ನೆಗೊಂದು ಹಿನ್ನೆಲೆಯಿದೆ. ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ವಾಯುವಾಹಿತ ಪಡೆಗಳ ತೋಳಿನ ಗುರುತು ಗ್ರೀಕ್ ಪುರಾಣದ್ದಾಗಿತ್ತು: ರೆಕ್ಕೆಯ ಕುದುರೆ ಪೆಗಾಸಸ್, ಅದರ ಮೇಲೆ ಈಟಿ ಹಿಡಿದ ವೀರ ಬೆಲೆರೊಫಾನ್, ಮೆರೂನ್ ಬಟ್ಟೆಯ ಮೇಲೆ ತಿಳಿನೀಲಿ ಬಣ್ಣದಲ್ಲಿ. ಭಾರತೀಯ ವಾಯುವಾಹಿತ ಡಿವಿಷನ್ ಕೂಡ ಅದನ್ನೇ ಧರಿಸಿ, ಕೆಳಗೆ ಇಂಡಿಯಾ ಎಂದು ಸೇರಿಸಿಕೊಂಡಿತ್ತು. ಸ್ವಾತಂತ್ರ್ಯದ ನಂತರ ಆ ಜಾಗಕ್ಕೆ ನಮ್ಮ ನೆಲದ ಕಥೆಯಿಂದ ಹೆಸರು ಬಂತು.

ಮಾರ್ಕಂಡೇಯ ಪುರಾಣದಲ್ಲಿ ಶತ್ರುಜಿತ್ ಒಬ್ಬ ರಾಜ, ಅವನ ಮಗ ಋತಧ್ವಜ. ಗಾಲವ ಮುನಿಯ ಆಶ್ರಮಕ್ಕೆ ಪಾತಾಳಕೇತು ಎಂಬ ದಾನವ ಬಂದು ಪೀಡಿಸುತ್ತಿದ್ದಾಗ ಆಕಾಶದಿಂದ ಒಂದು ಕುದುರೆ ಇಳಿದು ಬರುತ್ತದೆ. ಭೂಮಂಡಲವನ್ನೆಲ್ಲ ದಣಿಯದೆ ಸುತ್ತಬಲ್ಲ ಆ ಕುದುರೆಯ ಹೆಸರು ಕುವಲಯ. ಮುನಿ ಅದನ್ನು ರಾಜನ ಬಳಿಗೆ ತಂದು ರಾಜಕುಮಾರನನ್ನು ಕಳಿಸಿಕೊಡುವಂತೆ ಕೇಳುತ್ತಾನೆ. ಋತಧ್ವಜ ಕುದುರೆಯೇರಿ, ಹಂದಿಯ ರೂಪದಲ್ಲಿ ಬಂದ ದಾನವನನ್ನು ಬಾಣದಿಂದ ಹೊಡೆದು, ಅವನ ಬೆನ್ನು ಹತ್ತಿ ಪಾತಾಳಕ್ಕೇ ಇಳಿಯುತ್ತಾನೆ. ಮುಂದೆ ತನ್ನ ಪತ್ನಿಯಾಗುವ ಮದಾಲಸೆಯನ್ನು ಅವನು ಕಾಣುವುದು ಅಲ್ಲಿಯೇ. ಆಕಾಶದಿಂದ ಬಂದ ಕುದುರೆ, ಬಿಲ್ಲುಗಾರ ಸವಾರ, ವೈರಿಯ ನೆಲೆಯೊಳಕ್ಕೇ ನುಗ್ಗುವ ದಾಳಿ: ಪ್ಯಾರಾ ಪಡೆಗೆ ಇದಕ್ಕಿಂತ ಒಪ್ಪುವ ಕಥೆ ಸಿಗುವುದು ಕಷ್ಟ. ಪುರಾಣದಲ್ಲಿ ಶತ್ರುಜಿತ್ ತಂದೆಯ ಹೆಸರು, ಕುದುರೆ ಏರಿದವನು ಮಗ. ಚಿಹ್ನೆಯಲ್ಲಿ ಕುದುರೆ ಮತ್ತು ಸವಾರ ಒಂದೇ ದೇಹವಾಗಿದ್ದಾರೆ.

ಪ್ರಶ್ನೆ: ಎರಡನೆಯ ಮಹಾಯುದ್ಧದಲ್ಲಿ ಈ ಪಡೆ ಎಲ್ಲಿ ಹೋರಾಡಿತು?

ಎರಡು ಹೆಸರುಗಳು ಮುಖ್ಯ. 1944ರ ಮಾರ್ಚಿನಲ್ಲಿ ಮಣಿಪುರದ ಸಾಂಗ್‌ಶಾಕ್ ಎಂಬ ಗುಡ್ಡದ ಊರಿನಲ್ಲಿ 50ನೇ ಪ್ಯಾರಾ ಬ್ರಿಗೇಡ್ ಜಪಾನೀಯರ ಮುನ್ನಡೆಯನ್ನು ಕೆಲವು ದಿನ ತಡೆದು ನಿಲ್ಲಿಸಿತು. ಧುಮುಕಲೆಂದು ತಯಾರಾದ ಬ್ರಿಗೇಡು ಅಲ್ಲಿ ಕಾಲಾಳಾಗಿ, ನೀರಿಗೂ ಕೊರತೆಯಿದ್ದ ಇಕ್ಕಟ್ಟಾದ ಜಾಗದಲ್ಲಿ ಹೋರಾಡಿತು. ವಿಮಾನದಿಂದ ಬೀಳಿಸಿದ ಸಾಮಗ್ರಿಯ ಬಹುಪಾಲು ಶತ್ರುವಿನ ಕಡೆಗೆ ಬಿದ್ದಿತು. ಮಾರ್ಚ್ 26ರ ರಾತ್ರಿ ಉಳಿದವರು ಹಿಂದೆ ಸರಿದರು. ಆದರೆ ಅವರು ಗಳಿಸಿಕೊಟ್ಟ ದಿನಗಳು ಇಂಫಾಲ ಮತ್ತು ಕೊಹಿಮಾದ ರಕ್ಷಣೆಗೆ ಒದಗಿದವು. ಎರಡನೆಯದು 1945ರ ಮೇ 1. ಗೂರ್ಖಾ ಪ್ಯಾರಾಟ್ರೂಪರ್‌ಗಳ ಮಿಶ್ರ ಬೆಟಾಲಿಯನ್ನೊಂದು ರಂಗೂನ್ ನದಿಯ ಬಾಯಲ್ಲಿರುವ ಎಲಿಫೆಂಟ್ ಪಾಯಿಂಟ್ ಬಳಿ ಧುಮುಕಿ, ಹಡಗುಗಳು ರಂಗೂನಿಗೆ ಬರುವ ದಾರಿಯನ್ನು ತೆರವು ಮಾಡಿತು.

ಪ್ರಶ್ನೆ: 1947–48ರ ಕಾಶ್ಮೀರ ಯುದ್ಧದಲ್ಲಿ ಪ್ಯಾರಾ ಪಡೆಗಳ ಪಾತ್ರವೇನು?

ನೌಶೇರಾ ಎಂದೊಡನೆ ನೆನಪಾಗುವವರು ಬ್ರಿಗೇಡಿಯರ್ ಮೊಹಮ್ಮದ್ ಉಸ್ಮಾನ್. ವಿಭಜನೆಯ ಕಾಲದಲ್ಲಿ ಭಾರತದಲ್ಲೇ ಉಳಿಯಲು ನಿರ್ಧರಿಸಿದ ಅಧಿಕಾರಿ ಅವರು. 1947ರ ಡಿಸೆಂಬರಿನಲ್ಲಿ ನೌಶೇರಾ ಬಳಿಯ ಝಂಗಡ್ ಕೈತಪ್ಪಿದಾಗ, ಅದನ್ನು ಮರಳಿ ಪಡೆಯುವವರೆಗೆ ಮಂಚದ ಮೇಲೆ ಮಲಗುವುದಿಲ್ಲವೆಂದು ಪಣ ತೊಟ್ಟರು. 50ನೇ ಪ್ಯಾರಾ ಬ್ರಿಗೇಡಿನ ಮುಖ್ಯಸ್ಥರಾಗಿ 1948ರ ಫೆಬ್ರವರಿಯಲ್ಲಿ ನೌಶೇರಾವನ್ನು ಉಳಿಸಿಕೊಂಡರು, ಮಾರ್ಚಿನಲ್ಲಿ ಝಂಗಡನ್ನು ಗೆದ್ದುಕೊಂಡರು. ಜುಲೈ 3ರಂದು ಅದೇ ಝಂಗಡಿನಲ್ಲಿ ಶೆಲ್ ಸಿಡಿದು ಪ್ರಾಣ ತೆತ್ತರು. ಅವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದಿತು. ಅವರ ಸಮಾಧಿ ದೆಹಲಿಯ ಜಾಮಿಯಾ ಮಿಲ್ಲಿಯಾದ ಬಳಿ ಇದೆ.

ಇನ್ನೊಂದು ಕಡೆ ಮುಂದೆ 3 ಪ್ಯಾರಾ ಆದ ಕುಮಾವ್ ಬೆಟಾಲಿಯನ್ ಶೆಲಟಾಂಗ್‌ನಲ್ಲಿ ಹೋರಾಡಿ, ಬಳಿಕ ಪ್ರೀತಮ್ ಸಿಂಗ್ ಅವರ ನಾಯಕತ್ವದಲ್ಲಿ ಪೂಂಛ್ ಸೇರಿ, ಮುತ್ತಿಗೆಗೆ ಒಳಗಾದ ಆ ಪಟ್ಟಣವನ್ನು ವರ್ಷದಷ್ಟು ಕಾಲ ಕಾಪಾಡಿತು. 77ನೇ ಪ್ಯಾರಾ ಬ್ರಿಗೇಡ್ 1948ರ ನವೆಂಬರಿನಲ್ಲಿ ಝೋಜಿ ಲಾ ಕಣಿವೆದಾರಿಯನ್ನು ಟ್ಯಾಂಕುಗಳ ನೆರವಿನಿಂದ ಭೇದಿಸಿತು. ಆ ಕಾರ್ಯಾಚರಣೆಯ ಹೊಣೆ ಹೊತ್ತಿದ್ದ ಡಿವಿಷನ್ ಕಮಾಂಡರ್ ಕೊಡಗಿನ ಕೆ.ಎಸ್. ತಿಮ್ಮಯ್ಯ.

ಪ್ರಶ್ನೆ: ಗೋವಾ ವಿಮೋಚನೆಯಲ್ಲಿ ಪ್ಯಾರಾಟ್ರೂಪರ್‌ಗಳು ಧುಮುಕಿದರೇ?

ಧುಮುಕಲಿಲ್ಲ, ನಡೆದೇ ಹೋದರು. 1961ರ ಡಿಸೆಂಬರಿನಲ್ಲಿ ಬ್ರಿಗೇಡಿಯರ್ ಸಗತ್ ಸಿಂಗ್ ಅವರ 50ನೇ ಪ್ಯಾರಾ ಬ್ರಿಗೇಡ್ ಬೆಳಗಾವಿಯ ಸುತ್ತ ಸೇರಿದ ಪಡೆಗಳ ಒಂದು ಭಾಗವಾಗಿತ್ತು. ಮೂಲ ಯೋಜನೆಯಲ್ಲಿ ಅದಕ್ಕಿದ್ದದ್ದು ಉತ್ತರದಿಂದ ಒತ್ತಡ ಹೇರುವ ಪೂರಕ ಕೆಲಸ. ಬ್ರಿಗೇಡು ಎಷ್ಟು ವೇಗವಾಗಿ ಮುನ್ನುಗ್ಗಿತೆಂದರೆ ಡಿಸೆಂಬರ್ 19ರ ಬೆಳಿಗ್ಗೆ ಪಣಜಿಯನ್ನು ಮೊದಲು ಹೊಕ್ಕವರು ಅವರೇ.

ಪ್ರಶ್ನೆ: ಹಾಜಿ ಪೀರ್ ಕಣಿವೆದಾರಿಯನ್ನು ಗೆದ್ದದ್ದು ಹೇಗೆ?

1965ರ ಆಗಸ್ಟಿನಲ್ಲಿ ಪಾಕಿಸ್ತಾನದ ನುಸುಳುಕೋರರು ಬರುತ್ತಿದ್ದ ಮುಖ್ಯ ದಾರಿ ಉರಿ ಮತ್ತು ಪೂಂಛ್ ನಡುವಿನ ಹಾಜಿ ಪೀರ್ ಕಣಿವೆದಾರಿ. ಅದರ ಎತ್ತರ 8,652 ಅಡಿ. ಅದನ್ನು ಮುಚ್ಚುವ ಕೆಲಸ 1 ಪ್ಯಾರಾಕ್ಕೆ ಬಂತು. ಮೊದಲು ಸಂಕ್ ಎಂಬ ಶಿಖರವನ್ನು ಹಿಡಿಯಬೇಕಿತ್ತು. ಮಳೆ ಮತ್ತು ಜಾರುವ ಇಳಿಜಾರಿನಲ್ಲಿ ಮೊದಲ ದಾಳಿ ಕೈಗೂಡಲಿಲ್ಲ, ಎರಡನೆಯದರಲ್ಲಿ ಸಂಕ್ ಸಿಕ್ಕಿತು. ದಣಿದ ಪಡೆಗೆ ವಿಶ್ರಾಂತಿ ಕೊಡುವ ಬದಲು ಮೇಜರ್ ರಂಜಿತ್ ಸಿಂಗ್ ದಯಾಳ್ ತಾವೇ ಮುಂದೆ ಬಂದು, ಆ ರಾತ್ರಿಯೇ ಕಣಿವೆದಾರಿಗೆ ಹೊರಡುವುದಾಗಿ ಹೇಳಿದರು.

ಆಗಸ್ಟ್ 27ರ ಆ ರಾತ್ರಿ ಮಳೆ ಬಿಡಲಿಲ್ಲ. ಹಳ್ಳ ಹಿಡಿದು ನಡೆಯುತ್ತಿದ್ದಾಗ ದಾರಿಯಲ್ಲಿ ಒಂಟಿ ಮನೆಯೊಂದು ಸಿಕ್ಕಿತು. ಒಳಗೆ ಪಾಕಿಸ್ತಾನಿ ಸೈನಿಕರಿದ್ದರು. ಗುಂಡು ಹಾರಿಸದೆ ಅವರನ್ನು ಸೆರೆಹಿಡಿದು, ಆಯುಧ ಕಿತ್ತುಕೊಂಡು, ತಮ್ಮ ಹೊರೆಗಳನ್ನು ಅವರ ಬೆನ್ನಿಗೆ ಏರಿಸಿ ಮುಂದೆ ನಡೆದರು. ನಸುಕಿಗೆ ಉರಿ–ಪೂಂಛ್ ರಸ್ತೆ ತಲುಪಿ, ಒಂದು ತುಕಡಿಯನ್ನು ಎದುರಿನಿಂದ ಗುಂಡು ಹಾರಿಸಲು ಬಿಟ್ಟು, ಉಳಿದವರನ್ನು ದಯಾಳ್ ಪಕ್ಕದ ಎತ್ತರಕ್ಕೆ ಕರೆದೊಯ್ದು ಮೇಲಿನಿಂದ ಇಳಿದರು. ಆಗಸ್ಟ್ 28ರ ಬೆಳಿಗ್ಗೆ ಹಾಜಿ ಪೀರ್ ಭಾರತದ ಕೈಯಲ್ಲಿತ್ತು. ದಯಾಳ್ ಅವರಿಗೆ ಮಹಾವೀರ ಚಕ್ರ ದೊರೆಯಿತು. 1966ರ ಜನವರಿಯ ತಾಷ್ಕೆಂಟ್ ಒಪ್ಪಂದದಂತೆ ಕಣಿವೆದಾರಿಯನ್ನು ಮರಳಿಸಲಾಯಿತು. ಆ ನಿರ್ಧಾರ ಇಂದಿಗೂ ಹಲವು ಯೋಧರ ಮನಸ್ಸಿನಲ್ಲಿ ಚುಚ್ಚುತ್ತದೆ, ಅದು ಸಹಜವೂ ಹೌದು.

ಪ್ರಶ್ನೆ: 1971ರ ಟಂಗೈಲ್ ಧುಮುಕು ಅಷ್ಟು ಪ್ರಸಿದ್ಧವಾದದ್ದೇಕೆ?

ಯುದ್ಧದಲ್ಲಿ ಒಂದು ಪೂರ್ತಿ ಬೆಟಾಲಿಯನ್ ತಂಡವನ್ನು ಪ್ಯಾರಾಚೂಟಿನಿಂದ ಇಳಿಸಿ, ಗೊತ್ತುಮಾಡಿದ ಗುರಿಯನ್ನು ಅಂದೇ ಸಾಧಿಸಿದ ಕಾರ್ಯಾಚರಣೆ ಅದು. ಪೂರ್ವ ಪಾಕಿಸ್ತಾನದ, ಅಂದರೆ ಇಂದಿನ ಬಾಂಗ್ಲಾದೇಶದ, ಉತ್ತರದಲ್ಲಿ ಜಮಾಲ್‌ಪುರ, ಮೈಮನ್‌ಸಿಂಗ್ ಕಡೆಯಿಂದ ಪಾಕಿಸ್ತಾನದ 93ನೇ ಬ್ರಿಗೇಡ್ ಢಾಕಾದತ್ತ ಹಿಂದೆ ಸರಿಯುತ್ತಿತ್ತು. ಅದು ಢಾಕಾ ಸೇರಿದರೆ ರಾಜಧಾನಿಯ ರಕ್ಷಣೆ ಬಲಗೊಳ್ಳುತ್ತಿತ್ತು. ನಡುದಾರಿಯಲ್ಲಿ, ಟಂಗೈಲ್ ಹತ್ತಿರದ ಪೂಂಗ್ಲಿ ಸೇತುವೆಯನ್ನು ಹಿಡಿದರೆ ದಾರಿ ಕಡಿದಂತೆ. ಪ್ಯಾರಾ ಬ್ರಿಗೇಡಿನ ಒಬ್ಬ ಕ್ಯಾಪ್ಟನ್ ಮೊದಲೇ ಗಡಿ ದಾಟಿ, ಕಾದರ್ ಸಿದ್ದಿಕಿ ಅವರ ಮುಕ್ತಿ ವಾಹಿನಿ ಎಂಬ ಬಂಗಾಳಿ ಹೋರಾಟಗಾರರ ಪಡೆಯನ್ನು ಸೇರಿ, ಇಳಿಯುವ ಬಯಲನ್ನು ಗುರುತಿಸಿದ್ದರು.

ಡಿಸೆಂಬರ್ 11ರ ಇಳಿಹೊತ್ತಿನಲ್ಲಿ ಲೆಫ್ಟಿನೆಂಟ್ ಕರ್ನಲ್ ಕುಲವಂತ್ ಸಿಂಗ್ ಪನ್ನು ಅವರ ನಾಯಕತ್ವದಲ್ಲಿ ಸುಮಾರು 700 ಮಂದಿ ಧುಮುಕಿದರು. ಪ್ಯಾಕೆಟ್, ಎಎನ್-12, ಡಕೋಟಾ, ಕ್ಯಾರಿಬೂ ವಿಮಾನಗಳು ಕಲಾಯಿಕುಂಡ ಮತ್ತು ದಮ್ ದಮ್‌ನಿಂದ ಹಾರಿದ್ದವು. ಭಾರಿ ಸಾಮಗ್ರಿಗಳಲ್ಲಿ ಕೆಲವು ಕೆರೆಗಳಿಗೆ ಬಿದ್ದವು. ಸುತ್ತಲಿನ ಹಳ್ಳಿಗರು ಓಡಿ ಬಂದು ಮದ್ದುಗುಂಡಿನ ಪೆಟ್ಟಿಗೆಗಳನ್ನು ತಲೆಯ ಮೇಲೆ ಹೊತ್ತು ಯೋಧರ ಜೊತೆ ನಡೆದರು. ಕತ್ತಲಾಗುವಷ್ಟರಲ್ಲಿ ಸೇತುವೆ ಕೈಸೇರಿತು. ರಾತ್ರಿಯೆಲ್ಲ, ಇವರು ಬಂದದ್ದು ತಿಳಿಯದೆ ಲಾರಿಗಳಲ್ಲಿ ಬಂದ ಪಾಕಿಸ್ತಾನಿ ಪಡೆಗಳು ಸೇತುವೆಯ ಬಳಿ ಬಲೆಗೆ ಬಿದ್ದವು, ಮತ್ತೆ ಮತ್ತೆ ದಾಳಿ ಮಾಡಿದರೂ ದಾಟಲಾಗಲಿಲ್ಲ. ವಿದೇಶಿ ಪತ್ರಿಕೆಗಳಲ್ಲಿ ಇಳಿದವರ ಸಂಖ್ಯೆ 5,000 ಎಂದು ವರದಿಯಾಯಿತು. ಆ ಸುದ್ದಿ ಢಾಕಾದ ಸೇನಾಧಿಕಾರಿಗಳ ಧೈರ್ಯ ಕುಗ್ಗಿಸಲು ನೆರವಾಯಿತು. ಡಿಸೆಂಬರ್ 16ರ ಬೆಳಿಗ್ಗೆ ಮೀರ್‌ಪುರ ಸೇತುವೆ ದಾಟಿ ಢಾಕಾ ನಗರಕ್ಕೆ ಮೊದಲು ಕಾಲಿಟ್ಟದ್ದೂ 2 ಪ್ಯಾರಾ. ಪನ್ನು ಅವರಿಗೆ ಮಹಾವೀರ ಚಕ್ರ ಸಂದಿತು.

ಪ್ರಶ್ನೆ: ರೆಜಿಮೆಂಟಿಗೆ ಸಂದ ರಣಗೌರವಗಳು ಯಾವುವು?

ಸ್ವಾತಂತ್ರ್ಯಾನಂತರದವು ಇವು: 1947–48ಕ್ಕೆ ಶೆಲಟಾಂಗ್, ನೌಶೇರಾ, ಪೂಂಛ್, ಝಂಗಡ್; 1965ಕ್ಕೆ ಹಾಜಿ ಪೀರ್; 1971ಕ್ಕೆ ಪೂಂಗ್ಲಿ ಸೇತುವೆ, ಮಂಧೋಲ್, ಛಾಛ್ರೋ. ಕೊನೆಯ ಎರಡು ಕಮಾಂಡೊ ದಾಳಿಗಳು. ಪೂಂಛ್ ಕಡೆಯ ಮಂಧೋಲ್‌ನಲ್ಲಿ 9 ಪ್ಯಾರಾ ಕಮಾಂಡೊ ರಾತ್ರೋರಾತ್ರಿ ಶತ್ರುವಿನ ಆರು ಫಿರಂಗಿಗಳನ್ನು ಸಿಡಿಸಿ ಬಂತು. ಥಾರ್ ಮರುಭೂಮಿಯಲ್ಲಿ 10 ಪ್ಯಾರಾ ಕಮಾಂಡೊ, ಜೈಪುರದ ಮಹಾರಾಜರೂ ಆಗಿದ್ದ ಲೆಫ್ಟಿನೆಂಟ್ ಕರ್ನಲ್ ಭವಾನಿ ಸಿಂಗ್ ಅವರ ನಾಯಕತ್ವದಲ್ಲಿ, ಜೀಪುಗಳಲ್ಲಿ ಗಡಿ ದಾಟಿ ಸಿಂಧ್‌ನ ಒಳಭಾಗದ ಛಾಛ್ರೋ ಮೇಲೆ ಎರಗಿತು.

ಪ್ರಶ್ನೆ: 1971ರ ನಂತರ?

1987ರಲ್ಲಿ ಶ್ರೀಲಂಕಾ, 1999ರಲ್ಲಿ ಕಾರ್ಗಿಲ್, ಇವುಗಳ ನಡುವೆ ಮತ್ತು ಆಮೇಲೆ ಕಾಶ್ಮೀರದಲ್ಲಿ ಎಡೆಬಿಡದ ಕೆಲಸ. 1988ರ ನವೆಂಬರ್ 3ರ ಮಾಲ್ಡೀವ್ಸ್ ಕಾರ್ಯಾಚರಣೆಯನ್ನು ಮಾತ್ರ ಪ್ರತ್ಯೇಕವಾಗಿ ಹೇಳಬೇಕು. ಅಲ್ಲಿನ ಅಧ್ಯಕ್ಷ ಗಯೂಮ್ ಅವರು ಬಾಡಿಗೆ ಬಂಟರ ದಂಗೆಯಿಂದ ಪಾರಾಗಲು ಸಹಾಯ ಕೇಳಿದ ದಿನವೇ ರಾತ್ರಿ, 6 ಪ್ಯಾರಾದ ಯೋಧರನ್ನು ಹೊತ್ತ ಐಎಲ್-76 ವಿಮಾನಗಳು ಆಗ್ರಾದಿಂದ ನೇರವಾಗಿ ಹಾರಿ, ಕತ್ತಲಲ್ಲಿ ಹುಲ್‌ಹುಲೆ ವಿಮಾನ ನಿಲ್ದಾಣದಲ್ಲಿ ಇಳಿದವು. ಶಾಂತಿಕಾಲದ ಅತ್ಯುನ್ನತ ಶೌರ್ಯ ಪದಕ ಅಶೋಕ ಚಕ್ರವನ್ನು ಪಡೆದ ರೆಜಿಮೆಂಟಿನ ವೀರರಲ್ಲಿ ಮೇಜರ್ ಸುಧೀರ್ ಕುಮಾರ್ ವಾಲಿಯಾ, ಮೇಜರ್ ಮೋಹಿತ್ ಶರ್ಮಾ, ಲ್ಯಾನ್ಸ್ ನಾಯಕ್ ಮೋಹನ್ ನಾಥ್ ಗೋಸ್ವಾಮಿ ಸೇರಿದ್ದಾರೆ. ಮೂವರಿಗೂ ಅದು ಸಂದದ್ದು ಮರಣೋತ್ತರವಾಗಿ.

ಪ್ರಶ್ನೆ: ಕರ್ನಾಟಕಕ್ಕೂ ಈ ರೆಜಿಮೆಂಟಿಗೂ ಇರುವ ನಂಟೇನು?

ತರಬೇತಿ ಕೇಂದ್ರ 1963ರಲ್ಲಿ ಆಗ್ರಾದಲ್ಲಿ ಆರಂಭವಾಗಿ 1992ರಲ್ಲಿ ಬೆಂಗಳೂರಿಗೆ ಬಂತು. ಹೊಸದಾಗಿ ಭರ್ತಿಯಾದ ಯುವಕ ಸೈನಿಕನಾಗುವುದು ಇಲ್ಲಿ, ಪ್ಯಾರಾಟ್ರೂಪರ್ ಆಗುವುದು ಆಗ್ರಾದಲ್ಲಿ. 2022ರ ಫೆಬ್ರವರಿಯಲ್ಲಿ 11, 21, 23 ಮತ್ತು 29ನೇ ಬೆಟಾಲಿಯನ್‌ಗಳಿಗೆ ರಾಷ್ಟ್ರಪತಿ ಧ್ವಜ ಪ್ರದಾನ ನಡೆದದ್ದೂ ಬೆಂಗಳೂರಿನ ಈ ಕೇಂದ್ರದಲ್ಲಿಯೇ. ಬೆಳಗಾವಿಯ ನಂಟು ಇನ್ನೂ ಹಳೆಯದು. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಬೆಳಗಾವಿಯಲ್ಲಿದೆ. ಟಂಗೈಲ್ ಮೇಲೆ ಧುಮುಕಿದ 2 ಪ್ಯಾರಾ ಆ ರೆಜಿಮೆಂಟಿನಿಂದ ಬಂದದ್ದು, ವಾಘನಖ ಎಂಬ ಹೆಸರು ಹೊತ್ತ 21 ಪ್ಯಾರಾ ಕೂಡ 1996ರಲ್ಲಿ ಅಲ್ಲಿಂದಲೇ ಬಂದದ್ದು.

ಪ್ರಶ್ನೆ: ಅಂಗಡಿಗಳಲ್ಲಿ ಸಿಗುವ ಬಲಿದಾನ ಬ್ಯಾಡ್ಜ್ ಅಥವಾ ಮೆರೂನ್ ಬೆರೆಟನ್ನು ನಾಗರಿಕರು ಧರಿಸಬಹುದೇ?

ಸೈನಿಕನೆಂದು ನಂಬಿಸುವ ಉದ್ದೇಶದಿಂದ ಸೈನಿಕರ ಉಡುಪು ಅಥವಾ ಗುರುತನ್ನು ಧರಿಸುವುದು ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಮಿನಂತೆ ಅಪರಾಧ. ಮೂರು ತಿಂಗಳವರೆಗೆ ಸೆರೆವಾಸ, 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ ವಿಧಿಸಬಹುದು. ಅಂಥ ಉದ್ದೇಶವಿಲ್ಲದೆ ಅಭಿಮಾನಕ್ಕಾಗಿ ಬೈಕಿನ ಮೇಲೆ, ಟೀ ಶರ್ಟಿನ ಮೇಲೆ ಹಾಕಿಕೊಳ್ಳುವವರ ಮೇಲೆ ನನಗೆ ಸಿಟ್ಟಿಲ್ಲ. ಆದರೂ ಬಲಿದಾನ ಬ್ಯಾಡ್ಜನ್ನು ಬಿಡಬೇಕೆಂದು ಅವರಲ್ಲಿ ಕೇಳಿಕೊಳ್ಳುತ್ತೇನೆ. ಪ್ಯಾರಾ ತರಬೇತಿ ಮುಗಿಸಿ ರೆಕ್ಕೆ ಪಡೆದ ಯೋಧನೂ ವಿಶೇಷ ಪಡೆಗೆ ಸೇರದಿದ್ದರೆ ಅದನ್ನು ಮುಟ್ಟುವುದಿಲ್ಲ.

ಪ್ರಶ್ನೆ: ಮನೆಯ ಹಿರಿಯರ ಪೆಟ್ಟಿಗೆಯಲ್ಲಿ ಪ್ಯಾರಾಚೂಟ್ ಚಿತ್ರದ ಬ್ಯಾಡ್ಜ್ ಸಿಕ್ಕಿದೆ. ಯಾವ ಕಾಲದ್ದೆಂದು ತಿಳಿಯುವುದು ಹೇಗೆ?

ಮೊದಲು ಕಿರೀಟ ಮತ್ತು ಸಿಂಹ ಇವೆಯೇ ನೋಡಿ. ಇದ್ದು, ಪ್ಯಾರಾಚೂಟಿನ ಬುಡದಲ್ಲಿ ಇಂಡಿಯಾ ಎಂದಿದ್ದರೆ ಅದು 1945–46ರ ರೆಜಿಮೆಂಟಿನ ಬ್ಯಾಡ್ಜಿನ ಮಾದರಿ. ಕಿರೀಟವಿಲ್ಲದೆ ನಡುವೆ ಕಠಾರಿಯಿದ್ದರೆ ಸ್ವತಂತ್ರ ಭಾರತದ್ದು. ಮೆರೂನ್ ಬಟ್ಟೆಯ ಮೇಲೆ ನೀಲಿ ರೆಕ್ಕೆಯ ಕುದುರೆಯೂ ಸವಾರನೂ ಇದ್ದು, ಕೆಳಗೆ ಇಂಡಿಯಾ ಎಂದಿದ್ದರೆ ಮಹಾಯುದ್ಧದ ವಾಯುವಾಹಿತ ಡಿವಿಷನ್ನಿನ ತೋಳಿನ ಗುರುತು. ಪಂಜಾಬ್, ಮರಾಠಾ ಅಥವಾ ಕುಮಾವ್ ರೆಜಿಮೆಂಟಿನ ಟೋಪಿ ಬ್ಯಾಡ್ಜಿನ ಜೊತೆಗೆ ಪ್ಯಾರಾ ರೆಕ್ಕೆಗಳು ಸಿಕ್ಕಿದ್ದರೆ ಆ ಹಿರಿಯರು 1946 ಮತ್ತು 1952ರ ನಡುವಿನ ಪ್ಯಾರಾ ಬೆಟಾಲಿಯನ್ನಿನಲ್ಲಿ ಇದ್ದಿರುವ ಸಾಧ್ಯತೆಯಿದೆ. ಈ ಜೋಡಿ ಅಪರೂಪ, ಬೇರ್ಪಡಿಸಬೇಡಿ. ಹಳೆಯದರ ನಕಲುಗಳೂ ಮಾರುಕಟ್ಟೆಯಲ್ಲಿವೆ. ಆದ್ದರಿಂದ ಬ್ಯಾಡ್ಜಿನ ಜೊತೆಗಿರುವ ಕಾಗದ, ಫೋಟೊ, ಪದಕಗಳನ್ನು ಒಂದೇ ಕಡೆ ಇಡಿ, ಪಾಲಿಷ್ ಹಾಕಿ ಉಜ್ಜಬೇಡಿ. ಪದಕಗಳ ಅಂಚಿನಲ್ಲಿ ಸಾಮಾನ್ಯವಾಗಿ ಯೋಧನ ಸಂಖ್ಯೆ, ಹೆಸರು ಮತ್ತು ದಳವನ್ನು ಕೆತ್ತಿರುತ್ತಾರೆ. 1952ರ ನಂತರ ಪ್ಯಾರಾಚೂಟ್ ರೆಜಿಮೆಂಟಿನಲ್ಲಿ ಸೇವೆ ಮಾಡಿದವರಾದರೆ, ಆ ಸಂಖ್ಯೆಯನ್ನು ಬರೆದುಕೊಂಡು ಬೆಂಗಳೂರಿನಲ್ಲಿರುವ ರೆಜಿಮೆಂಟಿನ ದಾಖಲೆ ಕಚೇರಿಗೆ ಕುಟುಂಬದವರು ಪತ್ರ ಬರೆದು ವಿಚಾರಿಸಬಹುದು.